ಸಂಘದ ಕಂಪ್ಯೂಟರ್ ಲಾಕ್ ಆಗಿದೆ, ದುಡ್ಡು ಕೊಟ್ಟು ಬಿಡಿಸಿಕೊಳ್ಳೋಣ ಅಂತಿದ್ದಾರೆ. ಏನು ಮಾಡೋದು?

ಘಟ್ಟದ ಮೇಲಿನವ (ಶಿರಸಿ ತಾಲೂಕು)

ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಊರ ಸಹಕಾರಿ ಸಂಘದ ಆಡಳಿತ ಮಂಡಳಿಯಲ್ಲಿದ್ದೇನೆ. ಯಾವ ಸಂಘ ಅಂತ ಸದ್ಯಕ್ಕೆ ಹೇಳುವುದಿಲ್ಲ.

ಸೋಮವಾರ ಬೆಳಿಗ್ಗೆ ಆಫೀಸು ತೆರೆದಾಗ ಮುಖ್ಯ ಕಂಪ್ಯೂಟರಿನಲ್ಲಿ ಒಂದು ಫೈಲೂ ತೆರೆಯಲಿಲ್ಲ. ಬೆಳೆಸಾಲ, ಠೇವಣಿ, ಅಡಿಕೆ ಮುಂಗಡ, ಗೊಬ್ಬರದ ದಾಸ್ತಾನು ಎಲ್ಲ ಹೋಗಿದೆ. ಪ್ರತಿ ಫೈಲಿನ ಹೆಸರಿನ ಕೊನೆಗೆ ಚೌಕ ಬ್ರ್ಯಾಕೆಟ್ಟಿನಲ್ಲಿ ಒಂದು ಐಡಿ ನಂಬರು, ಆಮೇಲೆ ಒಂದು ಇಮೇಲ್ ವಿಳಾಸ, ಅದರ ನಂತರ ಒಂದು ಇಂಗ್ಲಿಷ್ ಪದ ಸೇರಿಕೊಂಡಿದೆ. ಡೆಸ್ಕ್‌ಟಾಪ್ ಮೇಲೆ ಒಂದು ಚೀಟಿ ಫೈಲು. ಬಿಟ್‌ಕಾಯಿನ್‌ನಲ್ಲಿ ಹಣ ಕಳಿಸಬೇಕಂತೆ. ಬೇರೆಯವರ ಹತ್ತಿರ ಬಿಡಿಸಲು ನೋಡಿದರೆ ಡೇಟಾ ಪೂರ್ತಿ ಹಾಳಾಗುತ್ತದಂತೆ. ಬ್ಯಾಕಪ್ ಹಾರ್ಡ್ ಡಿಸ್ಕ್ ಅದೇ ಸಿಪಿಯುಗೆ ಸಿಕ್ಕಿಸಿಯೇ ಇತ್ತು. ಅದೂ ಲಾಕ್.

ಮಂಡಳಿಯಲ್ಲಿ ಜಾಸ್ತಿ ಜನ ಹೇಳುವುದು ಇಷ್ಟು: ಹುಬ್ಬಳ್ಳಿಯಲ್ಲಿ ಡೇಟಾ ರಿಕವರಿ ಮಾಡುವವರೊಬ್ಬರು ಮೂರೂವರೆ ಲಕ್ಷ ಕೇಳಿದ್ದಾರೆ, ಗ್ಯಾರಂಟಿ ಕೊಡುತ್ತಾರೆ, ಕೊಟ್ಟು ಮುಗಿಸೋಣ. ಹೊರಗೆ ಸುದ್ದಿ ಬೇಡ. ಠೇವಣಿ ಇಟ್ಟವರು ಗಾಬರಿಯಾಗಿ ಓಡಿ ಬರುತ್ತಾರೆ.

ನನಗೆ ಇದು ಸರಿ ಕಾಣುತ್ತಿಲ್ಲ. ಆದರೆ ಬೇಡ ಅನ್ನಲು ಕಾರಣ ಕೊಡಬೇಕಲ್ಲ? ತಿಳಿದವರು ಹೇಳಿ.

ಸರ್ವರ್ ರೂಮು (ಬೆಂಗಳೂರು, ಮೂಲ ಯಲ್ಲಾಪುರ)

ಮೊದಲು ಆ ಕಂಪ್ಯೂಟರಿನ ಲ್ಯಾನ್ ವೈರ್ ಕಿತ್ತಿಡಿ, ವೈಫೈ ಆಫ್ ಮಾಡಿ. ಫಾರ್ಮ್ಯಾಟ್ ಮಾತ್ರ ಮಾಡಬೇಡಿ. ಯಾರಾದರೂ ವಿಂಡೋಸ್ ಹೊಸದಾಗಿ ಹಾಕಿಕೊಡುತ್ತೇನೆ ಅಂತ ಬಂದರೆ ಬಾಗಿಲಲ್ಲೇ ನಿಲ್ಲಿಸಿ. ಚೀಟಿ ಫೈಲಿನ ಫೋಟೊ ತೆಗೆಯಿರಿ. ಲಾಕ್ ಆದ ಒಂದೆರಡು ಫೈಲನ್ನು ಬೇರೆ ಪೆನ್‌ಡ್ರೈವಿಗೆ ಹಾಕಿಕೊಳ್ಳಿ.

ನೀವು ಹೇಳಿದ ಹೆಸರಿನ ರೀತಿ ನೋಡಿದರೆ ಫೋಬೋಸ್ ಅಥವಾ ಧರ್ಮ ಅನ್ನುವ ಜಾತಿಯ ರ‍್ಯಾನ್ಸಮ್‌ವೇರ್ ಇರಬೇಕು. ರ‍್ಯಾನ್ಸಮ್‌ವೇರ್ ಅಂದರೆ ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ದುಡ್ಡು ಕೇಳುವ ಪ್ರೋಗ್ರಾಂ. ಈ ಎರಡೂ ಜಾತಿ ಹೆಚ್ಚಾಗಿ ಸಣ್ಣ ಆಫೀಸುಗಳಿಗೇ ಬಡಿಯುವಂಥವು. ನಿಮ್ಮ ಸಾಫ್ಟ್‌ವೇರ್ ಕೊಟ್ಟವರು ದೂರದಿಂದಲೇ ರಿಪೇರಿ ಮಾಡಲು ರಿಮೋಟ್ ಡೆಸ್ಕ್‌ಟಾಪ್ ತೆರೆದಿಟ್ಟಿದ್ದರಾ?

ಘಟ್ಟದ ಮೇಲಿನವ

ಹೌದು, ತೆರೆದಿತ್ತು. ಪಾಸ್‌ವರ್ಡ್ ಸಂಘದ ಹೆಸರು, ಅದರ ಮುಂದೆ 123. ಈಗ ಕೇಳಿ ತಿಳಿಯಿತು.

ಸರ್ವರ್ ರೂಮು

ಹಾಗಾದರೆ ಬಂದ ದಾರಿ ಅದೇ ಇರಬಹುದು. ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು ಸೆಕ್ಯುರಿಟಿ ಲಾಗ್ (ಯಾರು ಯಾವಾಗ ಲಾಗಿನ್ ಆದರು ಅನ್ನುವ ದಾಖಲೆ) ನೋಡಿ. 4625 ಅಂದರೆ ತಪ್ಪು ಪಾಸ್‌ವರ್ಡ್. 4624 ಅಂದರೆ ಒಳಗೆ ಬಂದರು. ಅದನ್ನು ಸೇವ್ ಮಾಡಿಟ್ಟುಕೊಳ್ಳಿ, ಪೊಲೀಸರಿಗೆ ಬೇಕಾಗುತ್ತದೆ.

ಚಾಲಿ ರೇಟು (ಶಿರಸಿ)

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ದುಡ್ಡು ಕೊಟ್ಟು ಬಿಡಿಸಿಕೊಳ್ಳಿ.

ಸಂಘದ ಕೆಲಸ ನಿಂತರೆ ಏನಾಗುತ್ತದೆ ಅಂತ ಬೆಂಗಳೂರಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಬೆಳೆಸಾಲ ಹೊತ್ತಿಗೆ ಸರಿಯಾಗಿ ತೀರಿಸಿದರೆ ಮಾತ್ರ ಬಡ್ಡಿ ಇಲ್ಲ. ದಾಖಲೆಯೇ ಇಲ್ಲ ಅಂದರೆ ಯಾರು ತೀರಿಸಿದರು, ಯಾರು ಬಾಕಿ ಅಂತ ಹೇಗೆ ಹೇಳುತ್ತೀರಿ? ಒಬ್ಬ ಸದಸ್ಯನ ರಿನ್ಯೂವಲ್ ತಪ್ಪಿದರೆ ಅವನ ವರ್ಷವೇ ಹಾಳು. ಬ್ರಿಟನ್ನಿನಲ್ಲಿ ಕೆಎನ್‌ಪಿ ಅಂತ 158 ವರ್ಷದ ಲಾರಿ ಕಂಪನಿ ಇತ್ತು. 2023ರಲ್ಲಿ ಹೀಗೇ ಲಾಕ್ ಆಯಿತು. ದುಡ್ಡು ಕೊಡಲು ಆಗಲಿಲ್ಲ, ಕಂಪನಿ ಮುಚ್ಚಿತು. ಸುಮಾರು 700 ಜನ ಕೆಲಸ ಕಳೆದುಕೊಂಡರು. ತತ್ವ ಹಿಡಿದು ಕೂತರೆ ಸಂಘ ಉಳಿಯುತ್ತದಾ?

ಅಂಕೋಲೆಯ ಅಕ್ಕ

ಠೇವಣಿ ಇಟ್ಟವರಿಗೆ ಹೇಳದೆ ಅವರದೇ ದುಡ್ಡು ಕಳ್ಳರಿಗೆ ಕೊಡುವುದಾ? ಇದು ಯಾವ ನ್ಯಾಯ ತಮ್ಮಾ?

ಸರ್ವರ್ ರೂಮು

ಚಾಲಿ ರೇಟು ಅವರೇ, ನಿಮ್ಮ ಚಿಂತೆ ನಿಜವಾದದ್ದೇ. ಕೆಎನ್‌ಪಿಯೊಳಗೆ ಕಳ್ಳರು ನುಗ್ಗಿದ್ದೂ ಒಬ್ಬ ನೌಕರನ ಸುಲಭದ ಪಾಸ್‌ವರ್ಡ್ ಊಹಿಸಿ ಅಂತಲೇ ವರದಿಯಾಯಿತು. ಆದರೆ ದುಡ್ಡು ಕೊಟ್ಟವರ ಕಥೆಯನ್ನೂ ನೋಡಿ.

ಅಮೆರಿಕದಲ್ಲಿ ಚೇಂಜ್ ಹೆಲ್ತ್‌ಕೇರ್ ಅಂತ ಆಸ್ಪತ್ರೆ ಬಿಲ್ಲು ನೋಡುವ ದೊಡ್ಡ ಕಂಪನಿ. 2024ರ ಫೆಬ್ರವರಿಯಲ್ಲಿ ಲಾಕ್ ಆಯಿತು. 2 ಕೋಟಿ 20 ಲಕ್ಷ ಡಾಲರ್ ಕೊಟ್ಟರು. ಆಲ್ಫ್‌ವಿ ಅನ್ನುವ ಗ್ಯಾಂಗು ಪೂರ್ತಿ ದುಡ್ಡು ನುಂಗಿ ಅಂಗಡಿ ಮುಚ್ಚಿಕೊಂಡು ಹೋಯಿತು. ಗ್ಯಾಂಗಿನ ಪರವಾಗಿ ಒಳಗೆ ನುಗ್ಗಿದವನಿಗೆ ಪಾಲು ಸಿಗಲಿಲ್ಲ, ಡೇಟಾ ಅವನ ಹತ್ತಿರವೇ ಉಳಿಯಿತು. ಮುಂದೆ ರ‍್ಯಾನ್ಸಮ್‌ಹಬ್ ಅನ್ನುವ ಇನ್ನೊಂದು ಗ್ಯಾಂಗಿನ ಹೆಸರಿನಲ್ಲಿ ಮತ್ತೆ ದುಡ್ಡು ಕೇಳಿದರು.

ಅದೇ 2024ರ ಫೆಬ್ರವರಿಯಲ್ಲಿ ಬ್ರಿಟನ್ ಪೊಲೀಸರು, ಎಫ್‌ಬಿಐ, ಯೂರೋಪೋಲ್ ಸೇರಿ ಲಾಕ್‌ಬಿಟ್ ಗ್ಯಾಂಗಿನ ಸರ್ವರುಗಳನ್ನು ವಶಪಡಿಸಿಕೊಂಡರು. ದುಡ್ಡು ಕೊಟ್ಟರೆ ಡೇಟಾ ಅಳಿಸುತ್ತೇವೆ ಅಂತ ಮಾತು ಕೊಟ್ಟಿದ್ದವರು ಅವರು. ಕೊಟ್ಟವರ ಡೇಟಾವೂ ಅಲ್ಲೇ ಸಿಕ್ಕಿತು.

ಹುಬ್ಬಳ್ಳಿಯವರ ವಿಷಯ. ಅವರು ಹೇಗೆ ಬಿಡಿಸುತ್ತಾರೆ ಅಂತ ಲಿಖಿತದಲ್ಲಿ ಕೇಳಿ. ಈ ಲಾಕು ಸರಿಯಾಗಿ ಹಾಕಿದ್ದರೆ ಕೀ ಇಲ್ಲದೆ ಯಾರಿಗೂ ತೆರೆಯಲು ಆಗುವುದಿಲ್ಲ. ಅಮೆರಿಕದಲ್ಲೂ ಇಂಥ ರಿಕವರಿ ಕಂಪನಿಗಳಿದ್ದವು. ನಮ್ಮದೇ ತಂತ್ರಜ್ಞಾನದಿಂದ ಬಿಡಿಸುತ್ತೇವೆ ಅಂತ ಹೇಳಿ, ಹಿಂದಿನಿಂದ ಕಳ್ಳರಿಗೇ ದುಡ್ಡು ಕಳಿಸಿ, ಮೇಲೆ ತಮ್ಮ ಕಮಿಷನ್ ಹಾಕುತ್ತಿದ್ದವು. 2019ರಲ್ಲಿ ಪ್ರೋಪಬ್ಲಿಕಾ ಪತ್ರಕರ್ತರು ಇದನ್ನು ಬಯಲಿಗೆ ತಂದರು.

ಚಾಲಿ ರೇಟು

ಹುಬ್ಬಳ್ಳಿಯವರು ಹಾಗೇ ಮಾಡುತ್ತಾರೆ ಅಂತ ಹೇಗೆ ಹೇಳುತ್ತೀರಿ? ನೋಡದೇ ಆರೋಪ ಬೇಡ.

ಸರ್ವರ್ ರೂಮು

ಆರೋಪ ಅಲ್ಲ. ಕೇಳಿ ನೋಡಿ ಅಂದೆ. ನೋಡುವ ಮೊದಲೇ ಗ್ಯಾರಂಟಿ ಅಂದಿದ್ದಾರಲ್ಲ, ಅದಕ್ಕೇ ಅನುಮಾನ.

ಹೊನ್ನಾವರ ಸ್ಟುಡಿಯೊ

ನಮ್ಮ ಸ್ಟುಡಿಯೊದಲ್ಲೂ ಇದು ಆಗಿತ್ತು. ಎಡಿಟಿಂಗ್ ಸಾಫ್ಟ್‌ವೇರಿನ ಕ್ರ್ಯಾಕ್ ಇಳಿಸಿಕೊಂಡಿದ್ದ ಹುಡುಗನ ಕಂಪ್ಯೂಟರಿನಿಂದ ಶುರುವಾಯಿತು. ಸ್ಟಾಪ್ ಡಿಜೆವಿಯು ಅನ್ನುವ ಜಾತಿ. ಮದುವೆ ಸೀಸನ್ನಿನ ವಿಡಿಯೊ ಅಷ್ಟೂ ಲಾಕ್.

ಒಂದು ಸಂಗತಿ ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ. ಆ ಜಾತಿಯದ್ದು ಅವಸರದಲ್ಲಿ ಓಡುತ್ತದೆ. ಪ್ರತಿ ಫೈಲಿನ ಮೊದಲ 150 ಕೆಬಿ ಮಾತ್ರ ಕೆಡಿಸುತ್ತದೆ. ಫೋಟೊ ಹೋಯಿತು. ಆದರೆ ಒಂದೊಂದು ವಿಡಿಯೊ ಹತ್ತಾರು ಜಿಬಿ, ಅದರಲ್ಲಿ 150 ಕೆಬಿ ಅಂದರೆ ಏನೂ ಅಲ್ಲ. ಅದೇ ಕ್ಯಾಮೆರಾದಲ್ಲಿ ತೆಗೆದ ಒಂದು ಸರಿಯಾದ ವಿಡಿಯೊ ಮಾದರಿಗೆ ಕೊಟ್ಟು, ಉಚಿತ ರಿಪೇರಿ ಟೂಲ್ ಓಡಿಸಿದೆವು. ಧಾರೆ, ಲಾಜಾಹೋಮ ಎಲ್ಲ ವಾಪಸ್ ಬಂತು. ಮೊದಲ ಕೆಲವು ಸೆಕೆಂಡು ಇಲ್ಲ ಅಷ್ಟೇ. ಹಾಗಾಗಿ ಯಾವ ಜಾತಿ ಅಂತ ಗೊತ್ತಾಗುವವರೆಗೆ ಆಸೆ ಬಿಡಬೇಡಿ.

ಕಡಲ ಹುಡುಗ (ಕಾರವಾರ)

ಇದು ಪಾಕಿಸ್ತಾನದ ಹ್ಯಾಕರ್‌ಗಳ ಕೆಲಸ ಇರಬಹುದಾ? 2025ರ ಮೇನಲ್ಲಿ ಸಿಂಧೂರ ಕಾರ್ಯಾಚರಣೆ ಹೊತ್ತಿಗೆ ನಮ್ಮ ದೇಶದ ಮೇಲೆ 15 ಲಕ್ಷ ಸೈಬರ್ ದಾಳಿ ಆಯಿತು ಅಂತ ಮಹಾರಾಷ್ಟ್ರ ಸೈಬರ್ ಪೊಲೀಸರೇ ಹೇಳಿದ್ದರು. ನಮ್ಮ ಕಾಲೇಜಿನ ಕೆಲವರು ಟೆಲಿಗ್ರಾಂ ಗ್ರೂಪಿನಲ್ಲಿದ್ದಾರೆ. ವಾಪಸ್ ಹೊಡೆಯುತ್ತಾರಂತೆ. ನನಗೂ ಬಾ ಅಂದಿದ್ದಾರೆ.

ನಿವೃತ್ತ ಮೇಷ್ಟ್ರು (ಕುಮಟಾ)

ಮಗಾ, ಅದೇ ವರದಿಯಲ್ಲಿ ಇನ್ನೊಂದು ಸಾಲು ಇತ್ತು. ಆ 15 ಲಕ್ಷದಲ್ಲಿ ಯಶಸ್ವಿಯಾದದ್ದು 150 ಮಾತ್ರ. ಇಂಥ ಗುಂಪುಗಳಿಗೆ ಸದ್ದು ಮುಖ್ಯ. ವೆಬ್‌ಸೈಟಿನ ಮುಖಪುಟ ಬದಲಿಸಿ ಬಾವುಟ ಹಾಕುತ್ತಾರೆ. ಇಲ್ಲ ಅಂದರೆ ಒಟ್ಟಿಗೆ ಲಕ್ಷಗಟ್ಟಲೆ ಸಂಪರ್ಕ ಕಳಿಸಿ ಸ್ವಲ್ಪ ಹೊತ್ತು ಸೈಟು ಬೀಳಿಸುತ್ತಾರೆ. 2022ರ ಜೂನ್‌ನಲ್ಲಿ ಠಾಣೆ ಪೊಲೀಸರ ವೆಬ್‌ಸೈಟಿಗೆ ಹೀಗೇ ಮಾಡಿ, ಕ್ಷಮೆ ಕೇಳಿ ಅಂತ ಬರೆದಿದ್ದರು. ಸಿಟ್ಟು, ರಾಜಕೀಯ, ಧರ್ಮ ಹಿಡಿದು ಬರುವವರು ಅವರು. ಈ ಸಂಘಕ್ಕೆ ಬಂದವನಿಗೆ ಬೇಕಾದದ್ದು ದುಡ್ಡು. ಶಿರಸಿ ಎಲ್ಲಿದೆ ಅಂತಲೂ ಅವನಿಗೆ ಗೊತ್ತಿರುವುದಿಲ್ಲ.

ನೀನು ಆ ಗ್ರೂಪಿನಿಂದ ಇವತ್ತೇ ಹೊರಗೆ ಬಾ.

ಕಡಲ ಹುಡುಗ

ಮೇಷ್ಟ್ರೇ, ದೇಶಕ್ಕಾಗಿ ಮಾಡಿದರೆ ತಪ್ಪೇನು? ಅವರು ನಮಗೆ ಹೊಡೆಯುವಾಗ ಸುಮ್ನೆ ಕೂರಬೇಕಾ?

ವಕೀಲರು (ಶಿರಸಿ)

ತಪ್ಪು ಇದೆ ತಮ್ಮಾ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಂನಲ್ಲಿ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದೇಶಭಕ್ತಿಗೆ ಅಂತ ಅದರಲ್ಲಿ ವಿನಾಯಿತಿ ಇಲ್ಲ. ಗ್ರೂಪಿನವರು ಕೊಟ್ಟ ಪ್ರೋಗ್ರಾಂ ನೀನು ಓಡಿಸಿದರೆ ದಾಖಲೆಯಲ್ಲಿ ಬರುವುದು ನಿನ್ನ ಮನೆಯ ಐಪಿ ವಿಳಾಸ. ಪೊಲೀಸರು ಬರುವುದು ನಿಮ್ಮ ಅಪ್ಪನ ಹೆಸರಿನ ಕನೆಕ್ಷನ್ ಹುಡುಕಿಕೊಂಡು. ಆ ಪ್ರೋಗ್ರಾಮಿನಲ್ಲಿ ಇನ್ನೇನು ಅಡಗಿದೆ ಅಂತ ನಿನಗೆ ಗೊತ್ತಾ?

ಮಲ್ಲಾಪುರದವ

ಕಾರವಾರದಲ್ಲಿ ಇದ್ದುಕೊಂಡು ಇಂಥ ಗ್ರೂಪಿಗೆ ಸೇರುವುದು ಇನ್ನೂ ಅಪಾಯ. ಒಂದು ಕಡೆ ಸೀಬರ್ಡ್ ನೌಕಾನೆಲೆ, ಇನ್ನೊಂದು ಕಡೆ ಕೈಗಾ ಅಣುಸ್ಥಾವರ.

2019ರ ಡಿಸೆಂಬರಿನಲ್ಲಿ ಆಂಧ್ರ ಪೊಲೀಸರು ನೌಕಾಪಡೆಯ ಹುಡುಗರನ್ನು ಹಿಡಿದದ್ದು ನೆನಪಿದೆಯಾ? ಫೇಸ್‌ಬುಕ್ಕಿನಲ್ಲಿ ಹೆಂಗಸಿನ ಹೆಸರಿನಲ್ಲಿ ಸ್ನೇಹ ಮಾಡಿ ಹಡಗಿನ ಮಾಹಿತಿ ಕೇಳಿದ್ದರು. ವಿಶಾಖಪಟ್ಟಣ, ಮುಂಬೈ ಜೊತೆ ಕಾರವಾರದ ಹೆಸರೂ ಅದರಲ್ಲಿತ್ತು. ಆಮೇಲೆ ನೌಕಾಪಡೆ ತನ್ನ ನೆಲೆಗಳಲ್ಲಿ ಸ್ಮಾರ್ಟ್‌ಫೋನನ್ನೇ ನಿಷೇಧಿಸಿತು. ಅದೇ ವರ್ಷ ಕೂಡಂಕುಳಂ ಅಣುಸ್ಥಾವರದ ಕಂಪ್ಯೂಟರಿಗೆ ಡಿಟ್ರ್ಯಾಕ್ ಎಂಬ ಮಾಲ್‌ವೇರ್ ಹೊಕ್ಕಿತ್ತು. ಸ್ಥಾವರದವರು ಮೊದಲು ಇಲ್ಲ ಅಂದರು, ಮರುದಿನ ಸ್ಥಾವರ ನಡೆಸುವ ಸಂಸ್ಥೆ ಎನ್‌ಪಿಸಿಐಎಲ್ ಹೌದು ಅಂತ ಒಪ್ಪಿತು. ಆಡಳಿತ ಕಚೇರಿಯ ನೆಟ್‌ವರ್ಕಿನಲ್ಲಿದ್ದ ಕಂಪ್ಯೂಟರು, ಸ್ಥಾವರ ನಡೆಸುವ ವ್ಯವಸ್ಥೆಗೆ ಮುಟ್ಟಿಲ್ಲ ಅಂತ ಹೇಳಿದರು. ಸ್ಥಾವರದ ನೆಟ್‌ವರ್ಕನ್ನು ಹೊರಗಿನಿಂದ ಬೇರೆಯಾಗಿ ಇಟ್ಟಿದ್ದಕ್ಕೆ ಉಳಿಯಿತು. ಆ ಸಂಘದ ಬ್ಯಾಕಪ್ ಡಿಸ್ಕನ್ನೂ ಕಿತ್ತು ಕಪಾಟಿನಲ್ಲಿ ಇಟ್ಟಿದ್ದರೆ ಇವತ್ತು ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ಅಂಕೋಲೆಯ ಅಕ್ಕ

ನನಗೆ ಒಂದು ವಿಷಯ ಅರ್ಥವಾಗುತ್ತಿಲ್ಲ. ಇಷ್ಟು ಸಣ್ಣ ಸಂಘ ಕಳ್ಳನ ಕಣ್ಣಿಗೆ ಬಿದ್ದದ್ದು ಹೇಗೆ? ನಮ್ಮ ಆಧಾರ್, ಪಾನ್ ಎಲ್ಲ ಅಲ್ಲಿ ಇರುತ್ತದಲ್ಲ, ಅದನ್ನೂ ಡಾರ್ಕ್ ವೆಬ್‌ನಲ್ಲಿ ಮಾರುತ್ತಾರಾ? ಡಾರ್ಕ್ ವೆಬ್ ಅಂದರೆ ಗಾಂಜಾ ಮಾರುವ ಜಾಗ ಅಂತ ಕೇಳಿದ್ದೆ.

ಸರ್ವರ್ ರೂಮು

ಒಳ್ಳೆಯ ಪ್ರಶ್ನೆ ಅಕ್ಕಾ.

ಡಾರ್ಕ್ ವೆಬ್ ಅಂದರೆ ಸಾಮಾನ್ಯ ಬ್ರೌಸರಿಗೆ ಸಿಗದ, ಗುರುತು ಮುಚ್ಚಿಡುವ ಇಂಟರ್ನೆಟ್ ಭಾಗ. ಮಾದಕ ವಸ್ತು ಅಲ್ಲಿ ಮಾರುತ್ತಾರೆ, ನಿಜ. 2013ರಲ್ಲಿ ಮುಚ್ಚಿದ ಸಿಲ್ಕ್ ರೋಡ್ ಅದಕ್ಕೇ ಹೆಸರಾಗಿತ್ತು. 2025ರಲ್ಲಿ ಕೇರಳದ ಮೂವಾಟ್ಟುಪುಳದಲ್ಲಿ ಕೇಂದ್ರದ ಮಾದಕ ವಸ್ತು ತಡೆ ಸಂಸ್ಥೆ ಎನ್‌ಸಿಬಿಯವರು ಅಂಥದೇ ಜಾಲ ಹಿಡಿದರು, ಮಾಲು ಅಂಚೆಯಲ್ಲೇ ಬರುತ್ತಿತ್ತು. ಆದರೆ ಅಲ್ಲಿ ಕದ್ದ ಪಾಸ್‌ವರ್ಡ್, ಕಾರ್ಡ್ ನಂಬರು, ಆಧಾರ್ ವಿವರ, ಬೇರೆಯವರ ಕಂಪ್ಯೂಟರಿನೊಳಗೆ ಹೋಗುವ ದಾರಿ ಕೂಡ ಸರಕೇ. ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹತ್ತಿರ ಇದ್ದದ್ದು ಅಂತ ಹೇಳಲಾದ 81.5 ಕೋಟಿ ಭಾರತೀಯರ ವಿವರ 2023ರ ಅಕ್ಟೋಬರಿನಲ್ಲಿ ಅಲ್ಲಿ ಮಾರಾಟಕ್ಕೆ ಬಂದಿತ್ತು.

ಎಕ್ಸ್‌ಡೆಡಿಕ್ ಅಂತ ಒಂದು ಮಾರುಕಟ್ಟೆ ಇತ್ತು. ಅಲ್ಲಿ ಮಾರುತ್ತಿದ್ದದ್ದೇ ರಿಮೋಟ್ ಡೆಸ್ಕ್‌ಟಾಪ್ ತೆರೆದಿಟ್ಟ ಕಂಪ್ಯೂಟರುಗಳ ಲಾಗಿನ್. ಪಟ್ಟಿಯಲ್ಲಿ ದೇಶ, ವಿಂಡೋಸ್ ಯಾವುದು, ಒಳಗೆ ಯಾವ ಸಾಫ್ಟ್‌ವೇರ್ ಇದೆ, ಬೆಲೆ ಎಷ್ಟು ಎಲ್ಲ ಇರುತ್ತಿತ್ತು. 2016ರಲ್ಲಿ ಆಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿ ನೋಡಿದಾಗ 173 ದೇಶಗಳ 70 ಸಾವಿರಕ್ಕೂ ಹೆಚ್ಚು ಸರ್ವರುಗಳು ಪಟ್ಟಿಯಲ್ಲಿದ್ದವು. ಬೆಲೆ 6 ಡಾಲರ್‌ನಿಂದ ಶುರು! 2019ರ ಜನವರಿಯಲ್ಲಿ ಪೊಲೀಸರು ಅದನ್ನು ಮುಚ್ಚಿದರು. ಅಂಥವು ಬೇರೆ ಹುಟ್ಟಿವೆ.

ನಮ್ಮ ಅಡಿಕೆಯಲ್ಲಿ ಬೆಳೆಯುವವ ಬೇರೆ, ಸುಲಿಯುವವ ಬೇರೆ, ವಖಾರಿಯವ ಬೇರೆ ಅಲ್ವಾ? ಈ ದಂಧೆಯೂ ಹಾಗೇ ಹಂಚಿಹೋಗಿದೆ. ತೆರೆದ ಬಾಗಿಲು ಹುಡುಕುವುದು ಒಬ್ಬ, ಅದೂ ಯಂತ್ರದಿಂದ, ಇಡೀ ಇಂಟರ್ನೆಟ್ ಜಾಲಾಡಿ. ಅವನು ಆ ದಾರಿಯನ್ನು ಇನ್ನೊಬ್ಬನಿಗೆ ಮಾರುತ್ತಾನೆ. ಲಾಕ್ ಹಾಕುವ ಪ್ರೋಗ್ರಾಂ ಬರೆದವನು ಮೂರನೆಯವನು, ಅದನ್ನು ಬಾಡಿಗೆಗೆ ಕೊಡುತ್ತಾನೆ. ಲಾಕ್‌ಬಿಟ್‌ನಲ್ಲಿ ನುಗ್ಗಿದವನಿಗೆ ಶೇ 80, ಪ್ರೋಗ್ರಾಂ ಕೊಟ್ಟವರಿಗೆ ಶೇ 20. ಆದ್ದರಿಂದ ಸಣ್ಣವರು, ದೊಡ್ಡವರು ಅಂತ ಯಾರೂ ಆರಿಸಿ ಬರುವುದಿಲ್ಲ. ಬಾಗಿಲು ತೆರೆದಿದ್ದರೆ ಸಾಕು.

ದಾಂಡೇಲಿ ಎಕ್ಸ್‌ಪ್ರೆಸ್

ಸಣ್ಣವರಿಗೇ ಜಾಸ್ತಿ ಪೆಟ್ಟು. 2024ರ ಜುಲೈ 31 ನೆನಪು ಮಾಡಿಕೊಳ್ಳಿ. ಸಿ-ಎಡ್ಜ್ ಅಂತ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಸೇವೆ ಕೊಡುವ ಕಂಪನಿ. ಟಿಸಿಎಸ್ ಮತ್ತು ಸ್ಟೇಟ್ ಬ್ಯಾಂಕ್ ಸೇರಿ ಮಾಡಿದ್ದು. ಅದಕ್ಕೆ ರ‍್ಯಾನ್ಸಮ್‌ವೇರ್ ಬಡಿಯಿತು. ಯುಪಿಐ ನಡೆಸುವ ಎನ್‌ಪಿಸಿಐಯವರು ಸೋಂಕು ಹರಡಬಾರದು ಅಂತ ಅದರ ಸಂಪರ್ಕವನ್ನೇ ಕಡಿದರು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ನಿಂತಿತು. ಬ್ಯಾಂಕಿನವರು ಏನೂ ತಪ್ಪು ಮಾಡಿರಲಿಲ್ಲ. ಆದರೂ ಕೌಂಟರಿನಲ್ಲಿ ಬೈಸಿಕೊಂಡವರು ಅವರೇ.

ವಕೀಲರು (ಶಿರಸಿ)

ಮೂಲ ಪ್ರಶ್ನೆಗೆ ಬರುತ್ತೇನೆ. ಒತ್ತೆ ಹಣ ಕೊಡಬಾರದು ಅಂತ ನೇರವಾಗಿ ಹೇಳುವ ಕಾನೂನು ನಮ್ಮಲ್ಲಿ ಇಲ್ಲ. ಆದರೆ ಇದು ಖಾಸಗಿ ಅಂಗಡಿ ಅಲ್ಲ, ಸದಸ್ಯರ ದುಡ್ಡು. ಮೂರೂವರೆ ಲಕ್ಷವನ್ನು ಆಡಿಟ್‌ನಲ್ಲಿ ಯಾವ ಬಾಬ್ತಿಗೆ ಬರೆಯುತ್ತೀರಿ? ರಿಪೇರಿ ಖರ್ಚು ಅಂತ ಬರೆದು, ಆ ದುಡ್ಡು ಕಳ್ಳರಿಗೆ ಹೋಗಿದೆ ಅಂತ ನಾಳೆ ಗೊತ್ತಾದರೆ ಸಹಿ ಹಾಕಿದ ಪ್ರತಿಯೊಬ್ಬ ನಿರ್ದೇಶಕನೂ ಉತ್ತರ ಕೊಡಬೇಕು.

ಮುಚ್ಚಿಡುವುದಂತೂ ಬೇಡವೇ ಬೇಡ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ಆದೇಶದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ನಿಮ್ಮದು ಆಗಲೇ ದಾಟಿದೆ, ಆದರೂ ಇವತ್ತೇ ಕಳಿಸಿ. 2023ರ ಡಿಪಿಡಿಪಿ (ವೈಯಕ್ತಿಕ ಮಾಹಿತಿ ರಕ್ಷಣೆ) ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರುತ್ತಿದೆ. ಜನರ ಮಾಹಿತಿಗೆ ತಕ್ಕ ರಕ್ಷಣೆ ಕೊಡದಿದ್ದರೆ ಅದರಲ್ಲಿ 250 ಕೋಟಿವರೆಗೆ ದಂಡ ಇದೆ. ನಿಮ್ಮಂಥ ಸಂಘಕ್ಕೆ ಅಷ್ಟು ಹಾಕಲಾರರು. ಆದರೆ ಮುಚ್ಚಿಟ್ಟವರಿಗೂ ತಿಳಿಸಿದವರಿಗೂ ಕಾನೂನಿನ ಮುಂದೆ ದೊಡ್ಡ ವ್ಯತ್ಯಾಸ ಇದೆ.

ಘಟ್ಟದ ಮೇಲಿನವ

ದೂರು ಕೊಡಲು ಕಾರವಾರದ ಸಿಇಎನ್ (ಸೈಬರ್ ಅಪರಾಧ) ಠಾಣೆಗೇ ಹೋಗಬೇಕಾ? ನೂರಿಪ್ಪತ್ತು ಕಿಲೋಮೀಟರ್ ಹತ್ತಿರ ಆಗುತ್ತದೆ.

ವಕೀಲರು (ಶಿರಸಿ)

ಬೇಡ. ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹಾಕಿ, ಅದರ ನಂಬರು ಹಿಡಿದು ಶಿರಸಿ ಠಾಣೆಗೆ ಹೋಗಿ. ಹೊಸ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದ) ಕಾಯ್ದೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಿ ಬೇಕಾದರೂ ದೂರು ತೆಗೆದುಕೊಳ್ಳಬೇಕು. ನಮ್ಮ ವ್ಯಾಪ್ತಿ ಅಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಖಾತೆಯಿಂದ ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು.

ಬನವಾಸಿ ರಸ್ತೆ

ಕಾರವಾರಕ್ಕೆ ಹೋಗುವವರು ಯಾರಾದರೂ ಇದ್ದರೆ ದೇವಿಮನೆ ಘಟ್ಟದ ರಸ್ತೆ ಈಗ ಹೇಗಿದೆ ಹೇಳಿ. ಮದುವೆಗೆ ಹೋಗಬೇಕು.

ನಿವೃತ್ತ ಮೇಷ್ಟ್ರು (ಕುಮಟಾ)

ಮಳೆ ಜೋರಿದ್ದರೆ ರಾತ್ರಿ ಬೇಡ. ಹಗಲು ಬನ್ನಿ.

ನಿವೃತ್ತ ಸೆಕ್ರೆಟರಿ (ಸಿದ್ದಾಪುರ)

ನಾನು ಸೊಸೈಟಿಯಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಕಂಪ್ಯೂಟರ್ ಬರುವ ಮೊದಲು ಕೈಬರಹದ ಲೆಜರು, ಬಂದ ಮೇಲೆ ಎರಡೂ. ಇಲ್ಲಿ ಎಲ್ಲರೂ ಡೇಟಾ ಹೋಯಿತು ಅಂತಿದ್ದೀರಿ. ಹೋದದ್ದು ಕಂಪ್ಯೂಟರಿನಲ್ಲಿದ್ದ ಪ್ರತಿ. ಲೆಕ್ಕ ಹೋಗಿಲ್ಲ. ಅದು ನಿಮ್ಮ ಆಫೀಸಿನಲ್ಲೇ ಬೇರೆ ಬೇರೆ ಕಡೆ ಬಿದ್ದಿದೆ.

ಹಿಂದಿನ ವರ್ಷದ ಆಡಿಟ್ ಪ್ರತಿ ಆಡಿಟರ ಹತ್ತಿರ ಇದೆ. ಅದರಲ್ಲಿ ಮಾರ್ಚ್ 31ರ ಬಾಕಿ ಪಟ್ಟಿ ಸದಸ್ಯವಾರು ಇರುತ್ತದೆ. ಅದೇ ನಿಮ್ಮ ಆರಂಭ ಶಿಲ್ಕು. ಏಪ್ರಿಲ್‌ನಿಂದ ಇಲ್ಲಿಯವರೆಗಿನ ವೋಚರು ಕಟ್ಟುಗಳು ಕಪಾಟಿನಲ್ಲಿ ಇರಲೇಬೇಕು. ತಿಂಗಳಿಗೆ ಒಂದರಂತೆ ದಾರ ಕಟ್ಟಿ ಇಡುತ್ತಾರಲ್ಲ, ಅವು. ಡೇ ಬುಕ್ ದಿನಾ ಪ್ರಿಂಟ್ ತೆಗೆದು ಸಹಿ ಮಾಡುವ ಪದ್ಧತಿ ಇದ್ದರೆ ಅರ್ಧ ಕೆಲಸ ಮುಗಿದ ಹಾಗೇ. ಬೆಳೆಸಾಲ ಮಂಜೂರಾದದ್ದು ಜಿಲ್ಲಾ ಸಹಕಾರಿ ಬ್ಯಾಂಕು ಕೆಡಿಸಿಸಿಯ ಮೂಲಕ ಆದ್ದರಿಂದ ಅಲ್ಲಿಯ ಲೆಕ್ಕದ ಜೊತೆ ಹೋಲಿಸಬಹುದು. ಠೇವಣಿಗೆ ಸದಸ್ಯರ ಕೈಯಲ್ಲೇ ಬಾಂಡು, ಪಾಸ್‌ಬುಕ್ ಇದೆ.

ಈ ಕಾರಣಕ್ಕೇ ಸದಸ್ಯರಿಗೆ ಹೇಳಬೇಕು ಅನ್ನುವುದು. ಗುಟ್ಟು ಮಾಡಿದರೆ ಪಾಸ್‌ಬುಕ್ ತನ್ನಿ ಅಂತ ಯಾವ ಬಾಯಲ್ಲಿ ಕೇಳುತ್ತೀರಿ? ನಮ್ಮ ಹಳ್ಳಿಯಲ್ಲಿ ಸುದ್ದಿ ಹೇಗೂ ಹೊರಬೀಳುತ್ತದೆ. ಸಂಘದ ನೋಟಿಸ್ ಬೋರ್ಡಿನಿಂದ ಗೊತ್ತಾದರೆ ಜನ ಪಾಸ್‌ಬುಕ್ ಹಿಡಿದು ಸಹಾಯಕ್ಕೆ ಬರುತ್ತಾರೆ. ಚಾ ಅಂಗಡಿಯಿಂದ ಗೊತ್ತಾದರೆ ಠೇವಣಿ ತೆಗೆಯಲು ಬರುತ್ತಾರೆ.

ಚಾಲಿ ರೇಟು

ಸೆಕ್ರೆಟರಿಯವರೇ, ಇಷ್ಟು ಟೈಪ್ ಮಾಡಲು ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಅಡಿಕೆ ಮುಂಗಡ ಕೇಳಲು ಬಂದವನಿಗೆ ಏನು ಹೇಳುವುದು?

ನಿವೃತ್ತ ಸೆಕ್ರೆಟರಿ (ಸಿದ್ದಾಪುರ)

ಮೊದಲು ಚಾಲ್ತಿ ಸಾಲದವರದ್ದು ಮಾತ್ರ ಕಟ್ಟಿಕೊಳ್ಳಿ, ಉಳಿದದ್ದು ನಿಧಾನ. ಅಷ್ಟರವರೆಗೆ ಕೈಬರಹದ ರಸೀದಿ ಪುಸ್ತಕ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳೇ ಹೋಗಿದ್ದವಲ್ಲ? ಸುಮಾರು ಎರಡು ವಾರ ಚೀಟಿ ಬರೆದು ರೋಗಿಗಳನ್ನು ನೋಡಿದರು. ನಾವು ಮುಂಗಡ ಕೊಡಲಾರೆವಾ? ಬೇಕಾದರೆ ನಾನೇ ಬಂದು ಕೂರುತ್ತೇನೆ. ನನ್ನ ಜೊತೆ ಇನ್ನಿಬ್ಬರು ನಿವೃತ್ತರಿದ್ದಾರೆ. ಊಟ ಹಾಕಿದರೆ ಸಾಕು.

ಅಂಕೋಲೆಯ ಅಕ್ಕ

ನಿಮ್ಮಂಥವರು ಇರುವುದಕ್ಕೇ ಸಂಘಗಳು ಉಳಿದಿರುವುದು ಅಣ್ಣಾ.

ಸರ್ವರ್ ರೂಮು

ಸೆಕ್ರೆಟರಿಯವರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ಲಾಕ್ ಆದ ಡಿಸ್ಕನ್ನು ಎಸೆಯಬೇಡಿ. ಕೀ ಆಮೇಲೆ ಸಿಗುವುದೂ ಉಂಟು. ಫೋಬೋಸ್ ಮತ್ತು ಅದರದೇ ತಳಿ 8ಬೇಸ್‌ಗೆ ಜಪಾನ್ ಪೊಲೀಸರು 2025ರ ಜುಲೈನಲ್ಲಿ ಬಿಡಿಸುವ ಟೂಲ್ ಹೊರತಂದಿದ್ದಾರೆ, ಉಚಿತ. ನೋ ಮೋರ್ ರ‍್ಯಾನ್ಸಮ್ ಅನ್ನುವ ವೆಬ್‌ಸೈಟಿನಲ್ಲಿ ಸಿಗುತ್ತದೆ. 2016ರಲ್ಲಿ ಡಚ್ ಪೊಲೀಸರು, ಯೂರೋಪೋಲ್ ಮತ್ತು ಎರಡು ಆಂಟಿವೈರಸ್ ಕಂಪನಿಗಳು ಶುರು ಮಾಡಿದ್ದು ಅದು. ಅಲ್ಲಿ ಲಾಕ್ ಆದ ಫೈಲು, ಚೀಟಿ ಎರಡನ್ನೂ ಹಾಕಿದರೆ ಯಾವ ಜಾತಿ ಅಂತ ಹೇಳುತ್ತದೆ. ಸದಸ್ಯರ ವಿವರ ಇಲ್ಲದ ಫೈಲನ್ನೇ ಹಾಕಿ. ನಿಮ್ಮದು ಧರ್ಮದ ಹೊಸ ತಳಿ ಆಗಿದ್ದರೆ ಸದ್ಯಕ್ಕೆ ದಾರಿ ಇಲ್ಲ. ಫೋಬೋಸ್ ಆಗಿದ್ದರೆ ಇರಬಹುದು.

ಕೊಡುವವರ ಸಂಖ್ಯೆಯೂ ಕಡಿಮೆಯಾಗುತ್ತಿದೆ ಚಾಲಿ ರೇಟು ಅವರೇ. ಬಿಟ್‌ಕಾಯಿನ್ ವ್ಯವಹಾರದ ಜಾಡು ಹಿಡಿಯುವ ಚೈನಾಲಿಸಿಸ್ ಕಂಪನಿಯ ಲೆಕ್ಕದಲ್ಲಿ 2023ರಲ್ಲಿ ಕಳ್ಳರಿಗೆ ಸುಮಾರು 125 ಕೋಟಿ ಡಾಲರ್ ಹೋಗಿತ್ತು. 2024ರಲ್ಲಿ ಅದು 81 ಕೋಟಿಗೆ ಇಳಿಯಿತು.

ಘಟ್ಟದ ಮೇಲಿನವ

ಇವತ್ತಿನ ಸಮಾಚಾರ ಹೇಳುತ್ತೇನೆ.

ಲಾಗ್ ನೋಡಿದೆವು. ಶನಿವಾರ ರಾತ್ರಿ ಒಂದೂವರೆ ಗಂಟೆಯಿಂದ ಪುಟಗಟ್ಟಲೆ 4625. ಒಂದೊಂದು ನಿಮಿಷಕ್ಕೆ ಹತ್ತಾರು ಸಲ ಪ್ರಯತ್ನ, ಅಡ್ಮಿನ್, ಬ್ಯಾಕಪ್, ಟ್ಯಾಲಿ ಅಂತ ಬೇರೆ ಬೇರೆ ಹೆಸರು ಹಾಕಿ. ಬೆಳಗಿನ ಜಾವ 3:52ಕ್ಕೆ ಒಂದೇ ಒಂದು 4624. ಅದರ ಮುಂದೆ ಲಾಗೇ ಇಲ್ಲ. ನೋಡುವಾಗ ಮಂಡಳಿಯವರೆಲ್ಲ ನಿಂತಿದ್ದರು, ಯಾರೂ ಮಾತಾಡಲಿಲ್ಲ.

ಹುಬ್ಬಳ್ಳಿಯವರಿಗೆ ಹೇಗೆ ಬಿಡಿಸುತ್ತೀರಿ ಅಂತ ಲಿಖಿತದಲ್ಲಿ ಕೇಳಿದೆವು. ಅದೆಲ್ಲ ನಮ್ಮ ಗುಟ್ಟು, ಅರ್ಧ ಮುಂಗಡ ಕೊಡಿ ಅಂದರು. ಅಲ್ಲಿಗೆ ಆ ಮಾತು ಬಿಟ್ಟೆವು. ಮಂಡಳಿಯಲ್ಲಿ ಇಬ್ಬರು ಈಗಲೂ ಒಪ್ಪಿಲ್ಲ, ಅವರ ಅಭಿಪ್ರಾಯವನ್ನೂ ನಡಾವಳಿಯಲ್ಲಿ ಬರೆಸಿದ್ದೇವೆ. ಪೋರ್ಟಲ್‌ನಲ್ಲಿ ದೂರು ಹಾಕಿ ಠಾಣೆಗೆ ಕೊಟ್ಟು ಬಂದೆವು. ಸರ್ಟ್-ಇನ್‌ಗೆ ಮೇಲ್ ಹೋಗಿದೆ. ನೋಟಿಸ್ ಬೋರ್ಡಿಗೆ ಹಾಕಿದ್ದೇವೆ. ಇಬ್ಬರು ಬಂದು ಠೇವಣಿ ವಾಪಸ್ ಕೇಳಿದರು, ಬಾಂಡು ನೋಡಿ ಕೊಟ್ಟೆವು. ಸಂಜೆ ಹೊತ್ತಿಗೆ ಪಾಸ್‌ಬುಕ್ ಜೆರಾಕ್ಸ್ ತಂದುಕೊಟ್ಟವರೇ ಜಾಸ್ತಿ.

ವೆಬ್‌ಸೈಟು ಫೋಬೋಸ್ ಅಂತ ಹೇಳಿತು. ಡಿಸ್ಕಿನ ಪ್ರತಿ ಮಾಡಿಕೊಂಡು, ಆ ಪ್ರತಿಯ ಮೇಲೆ ಟೂಲ್ ಓಡಿಸುತ್ತಿದ್ದೇವೆ. ಗೊಬ್ಬರದ ದಾಸ್ತಾನಿನ ಎಕ್ಸೆಲ್ ಫೈಲುಗಳು ತೆರೆದವು. ದೊಡ್ಡ ಡೇಟಾಬೇಸ್ ಫೈಲು ಇನ್ನೂ ತೆರೆದಿಲ್ಲ.

ಸರ್ವರ್ ರೂಮು

ಅದನ್ನು ಹೇಗಾದರೂ ತೆರೆಯುವ ಅವಸರ ಬೇಡ. ದೊಡ್ಡ ಫೈಲಿನಲ್ಲಿ ಇದು ತುಂಡು ತುಂಡಾಗಿ ಲಾಕ್ ಹಾಕುತ್ತದೆ. ಟೂಲ್ ಏನು ತಪ್ಪು ತೋರಿಸುತ್ತದೆ ಅಂತ ಫೋಟೊ ಕಳಿಸಿ, ರಾತ್ರಿ ನೋಡುತ್ತೇನೆ. ಹೊಸ ಕಂಪ್ಯೂಟರಿಗೆ ರಿಮೋಟ್ ಡೆಸ್ಕ್‌ಟಾಪ್ ಹೊರಗಿನಿಂದ ಸಿಗದ ಹಾಗೆ ಮಾಡಿ. ಸಾಫ್ಟ್‌ವೇರಿನವರು ಬೇಕು ಅಂದರೆ ಬೇಕಾದಾಗ ಮಾತ್ರ ತೆರೆದು ಮುಚ್ಚಿ. ಎರಡು ಬ್ಯಾಕಪ್ ಡಿಸ್ಕ್ ತನ್ನಿ, ಒಂದು ದಿನ ಬಿಟ್ಟು ಒಂದು ದಿನ ಬದಲಿಸಿ.

ಕಡಲ ಹುಡುಗ

ಗ್ರೂಪಿನಿಂದ ಹೊರಗೆ ಬಂದೆ ಮೇಷ್ಟ್ರೇ. ಈ ಲಾಗ್ ಓದುವುದು, ಡೇಟಾ ಬಿಡಿಸುವುದು ಇದನ್ನೆಲ್ಲ ಎಲ್ಲಿ ಕಲಿಯಬಹುದು? ನನಗೆ ಆ ಕಡೆ ಆಸಕ್ತಿ ಬಂದಿದೆ.

ಸರ್ವರ್ ರೂಮು

ನನಗೆ ಮೆಸೇಜ್ ಹಾಕು. ಉಚಿತವಾಗಿ ಕಲಿಯುವ ದಾರಿ ಬೇಕಾದಷ್ಟು ಇವೆ.

ಚಾಲಿ ರೇಟು

ಹುಬ್ಬಳ್ಳಿಯವರ ಉತ್ತರ ಓದಿದ ಮೇಲೆ ನಾನೂ ಒತ್ತಾಯ ಮಾಡುವುದಿಲ್ಲ. ಆದರೆ ಚಾಲ್ತಿ ಸಾಲದ ಪಟ್ಟಿ ಮೊದಲು ಮುಗಿಸಿ. ನನ್ನ ಮಗಳು ಬಿಕಾಂ ಮುಗಿಸಿ ಮನೆಯಲ್ಲಿದ್ದಾಳೆ, ಟ್ಯಾಲಿ ಬರುತ್ತದೆ. ಕಳಿಸಲಾ?

ಘಟ್ಟದ ಮೇಲಿನವ

ಖಂಡಿತ ಕಳಿಸಿ. ಎರಡನೇ ಡಿಸ್ಕ್ ಎಲ್ಲಿ ಇಡುವುದು ಒಳ್ಳೆಯದು? ಸಂಘದ ತಿಜೋರಿಯಲ್ಲಿ ಇಡಬಹುದಾ?

ನಿವೃತ್ತ ಸೆಕ್ರೆಟರಿ (ಸಿದ್ದಾಪುರ)

ಒಂದು ತಿಜೋರಿಯಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ. ಮಳೆಗಾಲದಲ್ಲಿ ತಿಜೋರಿಯೊಳಗೂ ಥಂಡಿ ಹಿಡಿಯುತ್ತದೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಿ. ನಾವು ಗುರುವಾರ ಬರುತ್ತೇವೆ. ಏಪ್ರಿಲ್, ಮೇ ವೋಚರು ಕಟ್ಟು ತೆಗೆದಿಟ್ಟಿರಿ, ತೆರೆದ ಎಕ್ಸೆಲ್ ಫೈಲಿನ ಗೊಬ್ಬರದ ಮೊತ್ತವನ್ನು ಅದರ ಜೊತೆ ಮೊದಲು ತಾಳೆ ನೋಡೋಣ.